ಯಾರೂ ಟಿಕೆಟ್ ಕೇಳದ ಊರು

ನಮ್ಮ ಚಿಕ್ಕಮ್ಮ ರೈಲು ನಿಲ್ದಾಣದ ಕಿಟಕಿಯ ಹಿಂದೆ ಕೂತು ಊರವರಿಗೆಲ್ಲ ಟಿಕೆಟ್ ಕೊಟ್ಟವರು. ಮಕ್ಕಳು ತಂತಮ್ಮ ಸಂಸಾರ ಹೂಡಿ ಹೋದರು, ಇವರಿಗೂ ನಿವೃತ್ತಿಯಾಯಿತು. ಸರಿ, ಗಂಡನನ್ನು ಕಟ್ಟಿಕೊಂಡು ತಿರುಗಾಟಕ್ಕೆ ಹೊರಟರು. ನಾನು ಎಲ್ಲರೂ ಹೋಗುವಲ್ಲಿಗೇ ಹೋಗಿ, ಮುಂದೆ ನಿಂತವರ ಬೆನ್ನು ನೋಡಿಕೊಂಡು ಬರುವವನು. ಚಿಕ್ಕಮ್ಮ ಆರಿಸಿದ್ದು ತಮ್ಮ ಕಿಟಕಿಯಲ್ಲಿ ಯಾರೂ ಟಿಕೆಟ್ ಕೇಳದಿದ್ದ ಊರುಗಳನ್ನು!

ಹೊಲಿಗೆ ಅಂಗಡಿ ಮುಚ್ಚಿ ಜೊತೆಗೆ ಬಂದ ಚಿಕ್ಕಪ್ಪ ರೈಲಿನಲ್ಲೇ ಷರತ್ತು ಹಾಕಿದರು. "ಅಲ್ಲಿ ನೋಡೋಕೇನೂ ಇಲ್ಲ ಅಂದ್ರೆ, ಮುಂದಿನ ಸಲ ನಾನು ಹೇಳಿದ ಸಮುದ್ರಕ್ಕೇ ಹೋಗೋದು. ಆಮೇಲೆ ನೀನು ಬಾಯಿ ಬಿಡಬಾರ್ದು."

"ಆಗ್ಲಿ ಬಿಡ್ರಿ."

ಇಳಿದರೆ ಒಂದು ಬೆಂಚು, ಒಂದು ನಲ್ಲಿ, ಒಬ್ಬ ಸ್ಟೇಷನ್ ಮಾಸ್ಟರ್. ಗೆದ್ದೆನೆಂದು ಚಿಕ್ಕಪ್ಪನ ಮುಖ ಅರಳಿತು.

"ಯಾರ ಮನೆಗೆ ಬಂದ್ರಿ?" ಎಂದರು ಮಾಸ್ಟರ್.

"ಯಾರ ಮನೆಗೂ ಇಲ್ಲಪ್ಪ, ನಿಮ್ಮೂರು ನೋಡೋಕೆ," ಎಂದರು ಚಿಕ್ಕಮ್ಮ.

ಮಾಸ್ಟರ್ ಹಿಂದಿನ ಮನೆಯೊಳಗೆ ಹೆಂಡತಿಯ ಬಳಿಗೆ ಓಡಿದರು. "ಲೇ, ನಮ್ಮೂರು ನೋಡೋಕೆ ಜನ ಬಂದಿದಾರೆ ಕಣೇ!"

ಸುದ್ದಿ ಹಬ್ಬಿತು. ಒಬ್ಬರು ಬಾವಿ ತೋರಿಸಿದರು, ಇನ್ನೊಬ್ಬರು ಆಗತಾನೇ ಹುಟ್ಟಿದ ಕರು ತೋರಿಸಿದರು. ಮತ್ತೊಬ್ಬರು ಅತ್ತೆಯನ್ನೇ ಕರೆತಂದು ನಿಲ್ಲಿಸಿದರು.

ವಾಪಸು ಬಂದ ಚಿಕ್ಕಪ್ಪನನ್ನು ಕೆಣಕಿದೆ. "ಸಮುದ್ರಕ್ಕೆ ಯಾವಾಗ, ಚಿಕ್ಕಪ್ಪ?"

"ಸುಮ್ನಿರೋ, ಅಲ್ಲಿನ್ನೂ ಎರಡು ಬೀದಿ ನೋಡೋದು ಬಾಕಿ ಇದೆ. ಆ ಬೀದಿಯವರು ಬೇಜಾರು ಮಾಡ್ಕೊಂಡಿದಾರಂತೆ."