ಒಂದು ನ್ಯಾನೋಸೆಕೆಂಡಿಗೆ ಎಷ್ಟು ವಾರ?

ನಮ್ಮ ಸೊಸೈಟಿಯ ಕಂಪೌಂಡ್ ಗೋಡೆ ಬಿದ್ದಿತ್ತು. ಇವತ್ತು ಬೆಳಿಗ್ಗೆಯಿಂದ ಅದನ್ನು ಮತ್ತೆ ಕಟ್ಟುತ್ತಿದ್ದಾರೆ. ನೀರು ಕುಡಿದ ಇಟ್ಟಿಗೆಯ ವಾಸನೆ ಮೂರನೇ ಮಹಡಿಯ ನನ್ನ ಕಿಟಕಿಯವರೆಗೂ ಬಂತು. ಆ ವಾಸನೆ ಬಂದರೆ ಸಾಕು, ನನಗೆ ನನ್ನ ಅಪ್ಪನ ನೆನಪಾಗುತ್ತದೆ.

ಅಪ್ಪ ಗೌಂಡಿ. ಯಾದಗಿರಿ ಕಡೆಯಿಂದ ಪುಣೆಗೆ ಬಂದು, ಯೆರವಡಾದ ಒಂದೇ ಕೋಣೆಯಲ್ಲಿ ಸಂಸಾರ ಹೂಡಿ, ಕಂಡವರ ಬಂಗಲೆಗಳನ್ನು ಕಟ್ಟಿದವನು. ನಾನು ಅವನ ಒಬ್ಬಳೇ ಮಗಳು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ವಿಷಯ ಭೌತಶಾಸ್ತ್ರ. ಓಣಿಯವರೆಲ್ಲ ನನ್ನನ್ನು ಭಾರೀ ಜಾಣೆ ಎಂದು ನಂಬಿದ್ದರು. ಅವರಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ.

ಪ್ರಾಯೋಗಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು, ಬಿಳಿ ಮೀಸೆಯ, ಮರಾಠಿ ಮಾತಾಡುವ ಮೇಷ್ಟ್ರು, ನನ್ನ ಪುಸ್ತಕವನ್ನು ಮಡಚಿಟ್ಟು ಕೇಳಿದರು: "ಒಂದು ನ್ಯಾನೋಸೆಕೆಂಡ್ ಅಂದರೆ ಎಷ್ಟು ವಾರ?"

ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೋಸೆಕೆಂಡು. ಅದು ನನಗೆ ಬಾಯಿಪಾಠ. ವಾರಕ್ಕೆ ಆರು ಲಕ್ಷ ನಾಲ್ಕು ಸಾವಿರದ ಎಂಟುನೂರು ಸೆಕೆಂಡು ಎಂಬುದೂ ಗೊತ್ತು. ಆದರೆ ಅವಸರದಲ್ಲಿ ಭಾಗಿಸುವ ಕಡೆ ಗುಣಿಸಿಬಿಟ್ಟೆ. "ಆರು ಕೋಟಿ ನಾಲ್ಕು ಲಕ್ಷ ಎಂಬತ್ತು ಸಾವಿರ ಕೋಟಿ ವಾರ, ಸರ್," ಎಂದೆ. ಅದೂ ಎದೆಯುಬ್ಬಿಸಿ!

ಅವರು ಕನ್ನಡಕ ತೆಗೆದರು. "ಪೋರೀ, ತೇವಢ್ಯಾತ್ ಸೂರ್ಯಹೀ ವಿಝೂನ್ ಜಾಯೀಲ." ಅಷ್ಟರಲ್ಲಿ ಸೂರ್ಯನೇ ಆರಿಹೋಗುತ್ತಾನೆ ಹುಡುಗಿ ಎಂದು. ಲ್ಯಾಬೆಲ್ಲ ನಕ್ಕಿತು. ಆಮೇಲೆ ಕೇಳಿದ್ದಕ್ಕೆಲ್ಲ ತಪ್ಪುತಪ್ಪಾಗಿ ಉತ್ತರಿಸಿದೆ. ಫೇಲಾದೆ.

ಸುದ್ದಿ ಊರಿಗೆ ಮುಟ್ಟಿದ ಮರುವಾರವೇ ಸೋದರಮಾವ ಬಂದಿಳಿದ. "ಸಾಕಿನ್ನ ಓದು. ನಮ್ಮ ಹುಡುಗಗ ಕೊಟ್ಟುಬಿಡ್ರಿ," ಎಂದ. ಅಪ್ಪ ನನ್ನ ಕಡೆ ನೋಡದೆ, "ಇನ್ನೊಂದ ವರ್ಷ ತಡೀರಿ, ನೋಡೋಣು," ಎಂದು ಅವನನ್ನು ಬಸ್ ಸ್ಟ್ಯಾಂಡಿಗೆ ಕಳಿಸಲು ಹೊರಟ. ಆ ಒಂದು ವರ್ಷವೇ ನನಗಿರುವ ಗಡುವು ಎಂದುಕೊಂಡೆ. ಮಾವನ ಮಗ ಕೆಟ್ಟವನೇನಲ್ಲ, ಪಾಪ. ನನಗೆ ಬೇಕಿರಲಿಲ್ಲ, ಅಷ್ಟೇ.

ಒಂದು ಸಂಜೆ ಅಪ್ಪ ಕೈಗಂಟಿದ ಸಿಮೆಂಟು ತಿಕ್ಕುತ್ತಾ ಕೇಳಿದ: "ಆ ಮಾಸ್ತರ ಏನ ಕೇಳಿದ್ರು, ನನಗೂ ಹೇಳ."

ಹೇಳಿದೆ. ನ್ಯಾನೋಸೆಕೆಂಡು ಎಷ್ಟು ಸಣ್ಣದೆಂದರೆ ಅಷ್ಟರಲ್ಲಿ ಬೆಳಕು ಕೂಡ ಒಂದೇ ಅಡಿ ಹೋಗುತ್ತದೆ ಎಂದೆ.

"ಪೂರಾ ಒಂದ ಅಡಿ?"

"ಅರ್ಧ ಸೆಂಟಿಮೀಟರ್ ಕಡಿಮಿ."

"ಹಂಗ ಹೇಳ ಮತ್ತ," ಎಂದ. ಅಳತೆಯಲ್ಲಿ ಅವನು ಯಾರಿಗೂ ರಿಯಾಯಿತಿ ಕೊಟ್ಟವನಲ್ಲ. ಮತ್ತೆ ಸಿಮೆಂಟು ತಿಕ್ಕುತ್ತಾ ಅಂದ: "ಗ್ವಾಡಿ ಎಷ್ಟ ಇಟ್ಟಂಗಿ ಅಂತ ಕೇಳಿದ್ರ ಲೆಕ್ಕ ಬೆಳೀತದ. ಒಂದ ಇಟ್ಟಂಗಿ ಎಷ್ಟ ಗ್ವಾಡಿ ಅಂತ ಕೇಳಿದ್ರ ಲೆಕ್ಕ ಕರಗತದ. ನಿಮ್ಮ ಮಾಸ್ತರ ಇಟ್ಟಂಗಿ ಕೇಳ್ಯಾರ, ನೀ ಗ್ವಾಡಿ ಹೇಳಿ ಬಂದೀ."

ಮೂರು ವರ್ಷ ಕಾಲೇಜಿನಲ್ಲಿ ಬೆಂಚು ಸವೆಸಿದ ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮರುವರ್ಷ ಅದೇ ಲ್ಯಾಬು, ಅದೇ ಮೀಸೆ. ಪುಣ್ಯಕ್ಕೆ ಅವರಿಗೆ ನನ್ನ ಗುರುತು ಹತ್ತಲಿಲ್ಲ. "ಒಂದು ಮೈಕ್ರೋಸೆಕೆಂಡ್ ಅಂದರೆ ಎಷ್ಟು ದಿನ?" ಎಂದರು. "ಸರ್, ಉತ್ತರ ತೀರಾ ಸಣ್ಣದು ಬರಬೇಕು. ಅದನ್ನ ಮೊದಲು ಹೇಳಿಬಿಡುತ್ತೇನೆ, ಲೆಕ್ಕ ಆಮೇಲೆ," ಎಂದೆ. ಹಾಳೆಯ ಮೇಲೆ ನಿಧಾನಕ್ಕೆ ಭಾಗಿಸಿದೆ. ದಶಮಾಂಶದ ಚುಕ್ಕೆಯಾದ ಮೇಲೆ ಹತ್ತು ಸೊನ್ನೆ, ಆಮೇಲೆ ಒಂದು, ಒಂದು, ಆರು.

"ಬಸ್, ಏವಢಂಚ ಪಾಹಿಜೆ ಹೋತಂ," ಎಂದರು ಮೇಷ್ಟ್ರು. ಅವರಿಗೆ ಬೇಕಿದ್ದದ್ದು ಅಷ್ಟೇ ಅಂತೆ!

ಪಾಸಾದ ದಿನ ಅವ್ವನನ್ನು ತಬ್ಬಿಕೊಂಡು ಅತ್ತೆ. "ಇನ್ನ ಮಾವಗ ಇಲ್ಲ ಅಂತ ಹೇಳ್ರಿ," ಎಂದೆ.

ಅವ್ವ ನಕ್ಕಳು. "ಹೋದ ವರ್ಷನ ಹೇಳ್ಯಾನ ನಿಮ್ಮಪ್ಪ. ಬಸ್ ಹತ್ತಿಸೂ ಮುಂದ ಬ್ಯಾರೆ ಹೆಣ್ಣ ನೋಡ್ರಿ ಅಂದ ಬಂದಾನ. ನಿನಗ ಹೇಳಿದ್ರ ನೀ ಓದಾಂಗಿಲ್ಲ ಅಂತ ಬಾಯಿ ಬಿಟ್ಟಿಲ್ಲ."

ಎದೆಯ ಮೇಲಿನ ಭಾರ ಇಳಿಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಒಂದು ವರ್ಷದ ನನ್ನ ನಿದ್ದೆ ಹಾಳು ಮಾಡಿದನಲ್ಲ ಎಂದು ಅಪ್ಪನ ಜೊತೆ ಎರಡು ದಿನ ಮಾತು ಬಿಟ್ಟೆ. ಮುಂದೆ ನಾನೂ ಟೀಚರಾದೆ, ಅಪ್ಪ ತೀರಿಕೊಂಡ, ಆದರೂ ಆ ಸಿಟ್ಟು ಒಳಗೆಲ್ಲೋ ಉಳಿದೇ ಇತ್ತು.

ಇವತ್ತು ಇದನ್ನೆಲ್ಲ ನಿಮ್ಮ ಮುಂದೆ ಹೇಳುತ್ತಾ ಆ ಸಿಟ್ಟನ್ನು ಹುಡುಕಿದೆ. ಸಿಗಲಿಲ್ಲ. ಹೆಣ್ಣುಮಕ್ಕಳನ್ನು ಕೇಳದೆಯೇ ಕೊಟ್ಟುಬಿಡುತ್ತಿದ್ದ ಕಾಲದಲ್ಲಿ, ಮಗಳನ್ನು ಒಂದು ಮಾತೂ ಕೇಳದೆ ಅವಳ ಮನಸ್ಸಿನಲ್ಲಿದ್ದುದನ್ನೇ ಹೇಳಿ ಬಂದಿದ್ದನಲ್ಲ ಅಪ್ಪ. ಹಗುರವಾಗಿ ಎದ್ದು ಚಹಾಕ್ಕೆ ನೀರಿಟ್ಟೆ.