ಅಕ್ಕನ ಬೆನ್ನಿನ ಅಚ್ಚು

ಶಿಕಾರಿಪುರದ ಹೊರವಲಯದ ಶೆಡ್ಡೊಂದರಲ್ಲಿ ಹಲಗೆ ಒತ್ತುವ ಪ್ರೆಸ್ಸಿನ ಮೇಲೆ ನನ್ನ ಕೆಲಸ. ಬಸ್ಸಿನ ಒಳಗೋಡೆಗೆ, ಸೀಟಿನ ಹಿಂಬದಿಗೆ ಬೇಕಾದ ಹಗುರ ಹಲಗೆಗಳು ನಮ್ಮಲ್ಲಿ ಆಗುತ್ತವೆ. ಎರಡು ಕಡೆ ಗಾಜಿನ ನಾರು ಸೇರಿದ ಪ್ಲಾಸ್ಟಿಕ್ ಪದರ, ನಡುವೆ ಜೇನುಹುಟ್ಟಿನ ಹಾಗೆ ಕಣ್ಣು ಕಣ್ಣಾಗಿರುವ ಪ್ಲಾಸ್ಟಿಕ್ ತಿರುಳು. ಓವನ್ನಿನಲ್ಲಿ ಬಿಸಿ ಮಾಡಿ, ಮೆತ್ತಗಾದ ಕೂಡಲೇ ಎಳೆದು ಅಚ್ಚಿನ ಮೇಲಿಟ್ಟು ಒತ್ತಬೇಕು. ಬಿಸಿ ಸಾಲದಿದ್ದರೆ ಪದರ ಬಾಗುವ ಬದಲು ಸೀಳುತ್ತದೆ, ಹೆಚ್ಚಾದರೆ ಒಳಗಿನ ಕಣ್ಣುಗಳು ಕುಸಿದು ಹಲಗೆ ಚಪ್ಪಟೆಯಾಗುತ್ತದೆ. ಇವೆರಡರ ನಡುವಿನ ಸಣ್ಣ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಕ್ಕನನ್ನು ಕೊಟ್ಟಿದ್ದು ಸೊರಬದ ಕಡೆ. ಅವಳಿಗೆ ಸ್ನಾಯು ಸೋಲುವ ಕಾಯಿಲೆ. ಮೊದಲು ಕಾಲು ಹೋಯಿತು, ಆಮೇಲೆ ಸೊಂಟ, ಬೆನ್ನು. ಸುತ್ತಲೂ ದಿಂಬು ತುರುಕಿ ಕೂರಿಸಿದರೂ ಎಡಕ್ಕೆ ಜಾರಿಬಿಡುತ್ತಿದ್ದಳು. ಕೈಯಲ್ಲಿ ಮಾತ್ರ ಇನ್ನೂ ಒಂದಿಷ್ಟು ಶಕ್ತಿಯಿತ್ತು. "ಮಲಗಿಕೊಂಡು ಅತ್ತೆ ಕೈಲಿ ಉಣ್ಣಿಸ್ಕೊಳ್ಳೋದು ಸಾಕಾಗಿದೆ ಕಣೆ. ಒಂದ್ಸಲ ಕೂತ್ಕೊಂಡು ನನ್ನ ಕೈಯಾರೆ ಉಣ್ಬೇಕು" ಅಂದಳು.

ಅಷ್ಟೇ ತಾನೆ ಅಂದುಕೊಂಡೆ. ಅವಳ ಬೆನ್ನಿನ ಆಕಾರಕ್ಕೇ ಒಂದು ಒರಗು ಮಾಡಿದರಾಯಿತು! ನಿಂತುಹೋದ ಆರ್ಡರಿನ ಎರಡು ತುಂಡು ಹಾಳೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದವು. ಮಾಲೀಕರು ತಗೋ ಅಂದರು.

ಒಂದು ಭಾನುವಾರ, ಮುರಿದ ಕೈಗೆ ಸುತ್ತುವ ಪ್ಲಾಸ್ಟರ್ ಪಟ್ಟಿ ತೆಗೆದುಕೊಂಡು ಸೊರಬಕ್ಕೆ ಹೋದೆ. ಅತ್ತೆ ಅಕ್ಕನ ತೋಳು ಹಿಡಿದು ಕೂರಿಸಿದರು. ಮಾವ ಬಿಸಿನೀರು ತಂದಿಟ್ಟು, ಇನ್ನೇನಾದರೂ ಬೇಕಾದೀತೆಂದು ಹೊಸ್ತಿಲಾಚೆ ಮುಖ ತಿರುಗಿಸಿ ಕೂತರು. ನಾನು ರವಿಕೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ ಪಟ್ಟಿ ಅಂಟಿಸಿದೆ. ಅದು ಗಟ್ಟಿಯಾಗುವ ತನಕ ಅಕ್ಕ ಒಂಚೂರೂ ಜಾರಲಿಲ್ಲ. "ನೋಡಿ ಅತ್ತೆ, ಹೆಂಗೆ ನೆಟ್ಟಗೆ ಕೂತಿದಾಳೆ!" ಅಂತ ಹಿಗ್ಗಿಹೋದೆ.

ಶೆಡ್ಡಿಗೆ ಬಂದು ಆ ಪಟ್ಟಿಯ ಚಿಪ್ಪಿನಿಂದ ಅಚ್ಚು ಮಾಡಿಕೊಂಡೆ. ಮೊದಲ ತುಂಡು ಓವನ್ನಿನಲ್ಲಿ ಸ್ವಲ್ಪ ಹೆಚ್ಚೇ ಕಾದು, ಒತ್ತಿದಾಗ ಹಪ್ಪಳವಾಯಿತು. ಎರಡನೆಯದು ನಾನು ಈವರೆಗೆ ಮಾಡಿದ್ದರಲ್ಲೇ ಚೆಂದದ್ದು. ತಟ್ಟಿದರೆ ಗಟ್ಟಿ, ಎತ್ತಿದರೆ ಹಗುರ, ಅಂಚಿನಲ್ಲಿ ಒಂದು ಸುಕ್ಕಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ಕಂಡಕ್ಟರು "ಏನ್ರೀ ಇದು, ತೊಟ್ಟಿಲಾ?" ಅಂದ. ನಕ್ಕುಬಿಟ್ಟೆ. ಅವತ್ತು ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಮಾವ ಗದ್ದೆಗೆ ಹೋಗಿದ್ದರು. ನಾನೂ ಅತ್ತೆಯೂ ಒರಗನ್ನು ಕುರ್ಚಿಗೆ ಬಿಗಿದು ಅಕ್ಕನನ್ನು ಕೂರಿಸಿದೆವು. ಅವಳು ನಿರಾಳವಾಗಿ ಉಸಿರು ಬಿಟ್ಟಳು, ಎಂದಿನಂತೆ ಎಡಕ್ಕೆ ಕುಸಿದಳು. ಒಂದು ಕಡೆ ಅಂಚು ಪಕ್ಕೆಗೆ ಒತ್ತುತ್ತಿತ್ತು, ಇನ್ನೊಂದು ಕಡೆ ನನ್ನ ಮುಷ್ಟಿ ತೂರುವಷ್ಟು ಸಂದು. ಪಂಚೆಯಿಂದ ಕಟ್ಟಿ ನೋಡಿದರೆ ಅವಳಿಗೆ ಉಸಿರೇ ಸಿಕ್ಕಿಕೊಂಡಿತು.

"ಅವತ್ತು ಸರಿಯಾಗಿ ಕೂತಿದ್ಯಲ್ಲೇ?" ಅಂದೆ.

"ಮಾವ ಇದ್ರಲ್ಲೆ" ಅಂದಳು.

ಮದುವೆಯಾಗಿ ಬಂದಾಗಿನಿಂದ ಮಾವ ಇದ್ದಲ್ಲಿ ಅವಳು ಗೋಡೆಗೆ ಒರಗಿ ಕೂತವಳಲ್ಲ. ಹಾಗೆ ಕೂರಬೇಡವೆಂದು ಅವರೇನೂ ಹೇಳಿದವರಲ್ಲ. ನಮ್ಮ ಕಡೆ ಅದನ್ನು ಹೇಳಬೇಕಾಗಿಲ್ಲ. ನಾನು ಅಚ್ಚು ತೆಗೆದದ್ದು ಅವಳ ಬೆನ್ನಿನದಲ್ಲ, ಅವಳ ಮರ್ಯಾದೆಯದು.

"ಮತ್ತೆ ಬಿಸಿ ಮಾಡಿ ತಿದ್ದಕ್ಕಾಗಲ್ವೇನೆ?" ಅಂದಳು ಅಕ್ಕ.

ಆಗುವುದಿಲ್ಲ. ಪದರವೇನೋ ಮೆತ್ತಗಾಗುತ್ತದೆ, ಆದರೆ ಒಮ್ಮೆ ಒತ್ತಿಸಿಕೊಂಡ ಒಳಗಿನ ಕಣ್ಣುಗಳು ಇನ್ನೊಮ್ಮೆ ತಡೆಯುವುದಿಲ್ಲ. ಆ ಹಾಳೆ ಈಗ ಬರುವುದೂ ಇಲ್ಲ. ಬಂದರೂ ಅಷ್ಟರಲ್ಲಿ ಅವಳ ಕೈಯೂ ಹೋಗಿರುತ್ತದೆ. ಆಗಲ್ಲವೆಂದು ತಲೆಯಾಡಿಸಿದೆ.

ಅಷ್ಟರಲ್ಲಿ ಜಗಲಿಯಲ್ಲಿ ಮಾವ ಕೆಮ್ಮಿದ್ದು ಕೇಳಿಸಿತು. ಅಕ್ಕ ಹಲ್ಲು ಕಚ್ಚಿ ಮೈಯನ್ನು ಮೇಲಕ್ಕೆ ಎಳೆದುಕೊಂಡಳು. ಸಂದೆಲ್ಲ ಮುಚ್ಚಿ, ಒರಗು ಅವಳ ಬೆನ್ನಿಗೆ ಸರಿಯಾಗಿ ಕೂತಿತು.

ಒಳಗೆ ಬಂದ ಮಾವ ನೋಡುತ್ತ ನಿಂತರು. ಅವರ ಕಣ್ಣು ತುಂಬಿತ್ತು. "ಸಾರ್ಥಕ ಆತು ಬಿಡು ತಂಗಿ" ಅಂತ ನನಗೆ ಹೇಳಿ, "ಅನ್ನ ಹಾಕ್ಕೊಂಡ್ ಬಾರೆ" ಅಂತ ಅತ್ತೆಯನ್ನು ಒಳಗೆ ಕಳಿಸಿದರು. ಸೊಸೆ ಉಣ್ಣುವುದನ್ನು ನೋಡಬೇಕೆಂದು ಅಲ್ಲೇ ಕೂತರು.

ಅಕ್ಕನ ಬಲವೆಲ್ಲ ಬೆನ್ನಿಗೆ ಹೋಗಿತ್ತು. ತುತ್ತು ಹಿಡಿದ ಕೈ ತಟ್ಟೆಯಿಂದ ಮೇಲೇಳುತ್ತಿರಲಿಲ್ಲ.

"ನಿಧಾನಕ್ಕೆ ಉಣ್ಣು ಮಗಾ, ನಾ ಇಲ್ಲೇ ಇರ್ತೀನಿ" ಅಂದರು ಮಾವ.