ಏಳನೆಯ ಗಂಟಿನ ಬಾರಿಹಣ್ಣು

ಬಾರಿಹಣ್ಣನ್ನು, ಕೆಲವರು ಎಲಚಿ ಎನ್ನುವ ಆ ಹಣ್ಣನ್ನು, ಬಾಯಿಗೆ ಹಾಕಿಕೊಂಡವನು ಬೇಗ ಮಾತಾಡಲಾರ. ಬೀಜವನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸುತ್ತ, ಕಣ್ಣು ಅರ್ಧ ಮುಚ್ಚಿ, ಎಲ್ಲೋ ಹೋಗಿಬಿಡುತ್ತಾನೆ. ಈ ಹಣ್ಣಿನ ವಿಷಯದಲ್ಲಿ ನಾನೂ ಮೊದಲೇ ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದಿತ್ತು.

ನಿಜಾಮರ ಸರಕಾರದ ಲಿಂಗಸುಗೂರು ಶಾಲೆಯಲ್ಲಿ ನಾನು ಮಾಸ್ತರ. ಎಲೆ, ಹೂವು, ಬೇರುಗಳ ಪಾಠವನ್ನು ಉರ್ದುವಿನಲ್ಲಿ ಹೇಳುತ್ತೇನಾದ್ದರಿಂದ, ಗಿಡಗಳೂ ನನ್ನ ಮಾತು ಕೇಳುತ್ತವೆಂಬ ಭ್ರಮೆಯಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಶಾಂತವ್ವ ಚೊಚ್ಚಲ ಬಸುರಿ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲದೆ, ಕೈಬಳೆಗಳು ಮೊಳಕೈವರೆಗೆ ಜಾರುವಷ್ಟು ಸೊರಗಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅವಳು ಬಯಸಿದ್ದು ಒಂದನ್ನೇ, ತವರೂರು ಪಾಮನಕಲ್ಲೂರಿನ ಬಾರಿಹಣ್ಣು.

ಬಾರಿ ಎಲ್ಲಿದ್ದರೂ ಬಾರಿಯೇ ಎಂದು ನಾನು ಇಲ್ಲಿನ ಸಂತೆಯಿಂದ ತಂದೆ. ತವರಿನವರೇ ಬಂಡಿಯಲ್ಲಿ ಕಳಿಸಿದ್ದಾರೆಂದು ಒಂದು ಸುಳ್ಳನ್ನೂ ಸೇರಿಸಿದೆ. ಅವಳು ಕಚ್ಚಿ ಕೆಳಗಿಟ್ಟಳು.

"ಇದು ನಮ್ಮೂರ ಬಾರಿ ಅಲ್ರಿ. ನಿಮ್ಮ ಪಾಠ ಸಾಲ್ಯಾಗ ಹೇಳ್ರಿ, ನನಗ ಬ್ಯಾಡ."

ಮರುದಿನ ರಜೆ ಹಾಕಿ ಪಾಮನಕಲ್ಲೂರಿಗೆ ಹೊರಟೆ. ಮಾವ ಹೊಲದ ಒಡ್ಡಿನ ಮೇಲೆ ನಿಂತು ಕೇಳಿದರು, "ಯಾವ ಗಿಡದ್ದು ಬೇಕ್ರಿ ಅಳಿಯಾರ?"

ಯಾರೂ ಬಿತ್ತದ, ಯಾರೂ ನೀರುಣಿಸದ ಗಿಡಗಳು. ಒಂದರ ಹಣ್ಣು ಗುಂಡಗೆ, ಪಕ್ಕದ್ದರದು ಉದ್ದ. ಒಂದಕ್ಕೆ ಮೈತುಂಬ ಮುಳ್ಳು, ಇನ್ನೊಂದಕ್ಕೆ ಹುಡುಕಿದರೂ ನಾಲ್ಕೇ. ಮಣ್ಣೊಂದೇ, ಬಿಸಿಲೊಂದೇ, ನನ್ನ ಪುಸ್ತಕದಲ್ಲಿ ಹೆಸರೂ ಒಂದೇ. ನಿದ್ದೆಯಲ್ಲಿ ನಡೆಯುವವನಂತೆ ಗಿಡದಿಂದ ಗಿಡಕ್ಕೆ ಅಲೆದೆ. ಕೊನೆಗೆ ಒಂಬತ್ತು ಗಿಡಗಳ ಹಣ್ಣನ್ನು ಹೆಗಲ ವಲ್ಲಿಯಲ್ಲಿ ಒಂಬತ್ತು ಗಂಟು ಕಟ್ಟಿಕೊಂಡು ಬಂದೆ.

ಶಾಂತವ್ವ ಒಂದೊಂದೇ ಗಂಟು ಬಿಚ್ಚಿ ರುಚಿ ನೋಡಿದಳು. ಏಳನೆಯದಕ್ಕೆ ಅವಳ ಕಣ್ಣು ತಾವಾಗಿ ಮುಚ್ಚಿದವು. ಆ ಸಂಜೆ ಒಂದು ಜೋಳದ ರೊಟ್ಟಿ ಉಂಡಳು, ಅದು ಹೊಟ್ಟೆಯಲ್ಲಿ ನಿಂತಿತು. ನಾನು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡೆ.

ಅಲ್ಲಿಗೆ ಸುಮ್ಮನಿದ್ದರೆ ನಾನು ಮಾಸ್ತರನೇ ಅಲ್ಲ. ಆ ಏಳನೆಯ ಗಂಟಿನ ಬೀಜವನ್ನೇ ಹಿತ್ತಲಲ್ಲಿ ಊರಿ, ಅಂಥದೇ ಗಿಡ ಬರುತ್ತದೆಂದು ಸಾರಿದೆ. ಐದನೆಯ ವರ್ಷ ಹಣ್ಣು ಬಿಟ್ಟಿತು. ಹಲ್ಲು ಜುಮ್ಮೆನ್ನುವ ಹುಳಿ. ಯಾವ ಗಿಡದ ಹೂವಿನಿಂದ ಎದ್ದ ಜೇನು ಇದರ ತಾಯಿಯ ಹೂವಿನ ಮೇಲೆ ಕೂತಿತ್ತೋ! ಶಾಂತವ್ವ ಉಗುಳಿದಳು. ಮಗಳು ಗಂಗವ್ವ ಮಾತ್ರ ಆ ಗಿಡದ ಬುಡ ಬಿಡಲಿಲ್ಲ. ಅವಳ ಮೂಗು ನನ್ನದು, ಹಟ ತಾಯಿಯದು. ನಗು ಯಾರದೆಂದು ನಮ್ಮಿಬ್ಬರಿಗೂ ಇಂದಿಗೂ ತಿಳಿದಿಲ್ಲ. ಹಿತ್ತಲ ಬಾಗಿಲಲ್ಲಿ ಕೂತು ಅವಳನ್ನೂ ಗಿಡವನ್ನೂ ನೋಡುತ್ತ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ.

ಈಗ ಗಂಗವ್ವ ಸಿಂಧನೂರಿನ ಸೊಸೆ. ನಿನ್ನೆ ಅಳಿಯ ಬಂದು ಹಿತ್ತಲಲ್ಲಿ ನಿಂತ. ಮುಖ ಬಾಡಿತ್ತು.

"ಬಸುರಾಗಿ ಮೂರು ತಿಂಗಳಾತ್ರಿ, ಏನೂ ಉಣವಲ್ಲಳು. ಈ ಗಿಡದ್ದ ಬೇಕಂತ ಕುಂತಾಳ. ಸಂತ್ಯಾಗಿಂದು ತಂದ್ರ ಕಡದು ಕೆಳಗಿಟ್ಟಳ್ರಿ. ಬಾರಿ ಎಲ್ಲಾ ಒಂದ ಅಲ್ಲೇನ್ರಿ, ಮಾವಾರ?"

ಶಾಂತವ್ವ ನನ್ನ ಕಡೆ ನೋಡಿದಳು. ನಾನು ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡು, ಹೆಗಲ ಮೇಲಿನ ವಲ್ಲಿಯನ್ನು ಗಿಡದ ಕೆಳಗೆ ಹಾಸಿ ಕೊಂಬೆ ಅಲುಗಿಸಿದೆ.